ಕೊಂಡವಾಡೆಯಲ್ಲಿ ಬಂಗಡೆ

ಕುಮಟೆಯಲ್ಲಿ ಪುರಸಭೆಯವರು ಬೀದಿನಾಯಿಗಳನ್ನು ಹಿಡಿದು ದನಗಳ ಕೊಂಡವಾಡೆಯಲ್ಲಿ ಕೂಡಿಹಾಕಿದ ವರ್ಷ ನಮ್ಮ ಕಂದು ನಾಯಿಯೂ ಸಿಕ್ಕಿಬಿತ್ತು. ಸಂಜೆಯೊಳಗೆ ಯಾರೂ ಬಿಡಿಸಿಕೊಳ್ಳದ ನಾಯಿಗೆ ವಿಷದ ಉಂಡೆ. ನನ್ನ ಅವ್ವಿ ಆ ದಿನ ಹೊನ್ನಾವರಕ್ಕೆ ಹೋಗಿದ್ದಳು. ಹಾಗಾಗಿ ನಾನೇ ಹೋಗಬೇಕಾಯಿತು. ಐದನೆಯ ತರಗತಿಯಲ್ಲಿ ‘ಹಾಜರ್’ ಎನ್ನಲೂ ನಾಚಿ ಶಾಲೆ ಬಿಟ್ಟವಳು ನಾನು.

ಕಾವಲಿನ ಬೊಮ್ಮಯ್ಯ ಬಾಗಿಲಲ್ಲೇ ತಡೆದ. “ನಿಂದು ಅಂತ ಹೆಂಗೆ ನಂಬೂದು? ಹೆಸ್ರು ಹಿಡ್ದು ಕರಿ. ಬಂದ್ರೆ ನಿಂದು.”

ನಮ್ಮ ನಾಯಿಗೆ ಹೆಸರೇ ಇರಲಿಲ್ಲ. ಅವ್ವಿ ಕೇರಿಯಲ್ಲಿ ಮೀನು ಮಾರುತ್ತ ಕೂಗಿದರೆ ಸಾಕು, ಬುಟ್ಟಿಯ ಹಿಂದೆ ಬರುತ್ತಿತ್ತು. ಬುಟ್ಟಿ ಹೊರುತ್ತಿದ್ದ ನಾನು ಒಮ್ಮೆಯೂ ಕೂಗಿದವಳಲ್ಲ.

“ಎಂತ, ಬಾಯಿಗೆ ಬೀಗ ಹಾಕಂಡ್ ಬಂದ್ಯಾ?”

ಕಣ್ಣು ಮುಚ್ಚಿ ಕೂಗಿದೆ: “ಬಂಗಡೇ! ತಾಜಾ ಬಂಗಡೇ!”

ಹದಿನಾಲ್ಕು ನಾಯಿಗಳು ಬಾಗಿಲಿಗೆ ನುಗ್ಗಿದವು. ನಮ್ಮದು ಮಾತ್ರ ಮೂಲೆಯಲ್ಲಿ ಕಿವಿ ಕೆರೆದುಕೊಳ್ಳುತ್ತ ಕುಳಿತಿತ್ತು. ನನ್ನ ತಲೆಯ ಮೇಲೆ ಬುಟ್ಟಿ ಇಲ್ಲದ್ದನ್ನು ಅದು ಮೊದಲೇ ನೋಡಿಕೊಂಡಿತ್ತು.

“ಹದ್ನಾಲ್ಕೂ ನಿನ್ನವೇ,” ಎಂದ ಬೊಮ್ಮಯ್ಯ. “ಆ ಮೂಲೇದೊಂದು ಅಲ್ಲ.”

ಬೇರೇನೂ ತೋಚದೆ ಅವನ ಪಕ್ಕದಿಂದ ನುಸುಳಿ ಒಳಗೆ ಹೋಗಿ, ಮೀನಬುಟ್ಟಿ ಎತ್ತುವಂತೆ ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡೆ. ಅದು ನನ್ನ ಕೈಯ ಮೀನಿನ ವಾಸನೆ ನೆಕ್ಕತೊಡಗಿತು.

ಬೊಮ್ಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಆತು, ತಕಂಡ್ ಹೋಗು ಮಾರಾಯ್ತಿ. ಉಳ್ದವಕ್ಕೆ ಎಂತ ಹೇಳ್ಲಿ? ಬಂಗಡೆ ನಾಳೆ ಅಂತನಾ?”

ಹದಿನಾಲ್ಕೂ ಬಾಲ ಆಡಿಸುತ್ತ ನನ್ನನ್ನೇ ನೋಡುತ್ತಿದ್ದವು.