ನೋಡ್ಕೊಳ್ಳೋದು ಅಂದ್ರೆ ಏನೇನು?

"ಹೆಚ್ಚೇನಿಲ್ಲಮ್ಮ, ಅಂಗಡಿ ನೋಡ್ಕೊಂಡ್ರೆ ಸಾಕು," ಎಂದರು ಕನ್ನಡಕದಂಗಡಿಯ ಯಜಮಾನರು.

ನಾನು ಕೆಲಸ ಕೇಳಿಕೊಂಡು ಬಂದಿದ್ದೆ. ಮೊದಲು ನಾನು ಕೆಲಸಕ್ಕಿದ್ದ ಬಟ್ಟೆ ಅಂಗಡಿಯವರೂ ಹೀಗೆಂದೇ ಸೇರಿಸಿಕೊಂಡಿದ್ದರು. ನೋಡಿಕೊಳ್ಳುತ್ತಾ ನೋಡಿಕೊಳ್ಳುತ್ತಾ ಕಸ ಗುಡಿಸಿದೆ, ಮೂಟೆ ಹೊತ್ತೆ, ರಾತ್ರಿ ಎಂಟು ಗಂಟೆಗೆ ಅಂಗಡಿ ಬಾಗಿಲು ಎಳೆದೆ. ಐದಕ್ಕೆ ಶಾಲೆ ಮುಗಿಸಿ ಬರುವ ಮಗಳು ದಿನಾ ಪಕ್ಕದ ಮನೆ ಮೆಟ್ಟಿಲ ಮೇಲೆ ಚೀಲ ತಬ್ಬಿಕೊಂಡು ತೂಕಡಿಸುತ್ತಿದ್ದಳು. ಮತ್ತೆ ಹಾಗಾಗುವುದಾದರೆ ಈ ಕೆಲಸವೇ ಬೇಡವೆಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ಆದರೆ ಬಾಯಿ ಬರಬೇಕಲ್ಲ!

ಬೆಳಿಗ್ಗೆ ಅಕ್ಕ ಬೈದೇ ಕಳಿಸಿದ್ದಳು: "ಎಲ್ಲದಕ್ಕೂ ಹೂಂಗುಟ್ಟಿ ಬರ್ಬೇಡ ಕಣೇ. ಏನು ಕೆಲ್ಸ, ಎಷ್ಟೊತ್ತಿನ ತನಕ, ಬಾಯಿಬಿಟ್ಟು ಕೇಳು."

ಕೇಳಿದೆ. "ಸಾರ್, ನೋಡ್ಕೊಳ್ಳೋದು ಅಂದ್ರೆ... ಏನೇನು?"

"ಕನ್ನಡಕದ ಅಂಗಡೀಲಿ ನೋಡೋದು ಬಿಟ್ಟು ಇನ್ನೇನಮ್ಮ!" ಎಂದು ನಕ್ಕರು.

ನಾನೂ ನಕ್ಕೆ. "ಅಲ್ಲ ಸಾರ್, ನಿಜವಾಗ್ಲೂ."

ಅವರು ತಲೆ ಕೆರೆದುಕೊಂಡರು. ಒಳಗೆ ಗಾಜು ಒರೆಸುತ್ತಿದ್ದ ಹಿರಿಯಾಕೆ ಮೆಲ್ಲಗೆ ಹೊರಬಂದರು. ಮಂಡಿನೋವೆಂದು ಕೆಲಸ ಬಿಡುತ್ತಿದ್ದರಂತೆ. ನಾನು ಬಂದಿದ್ದು ಅವರ ಜಾಗಕ್ಕೇ.

"ಅವರಿಗೇನು ಗೊತ್ತು, ನನ್ನ ಕೇಳು ಮಗಳೇ. ಬಂದೋರಿಗೆ ಫ್ರೇಮ್ ತೋರಿಸೋದು, ರಸೀದಿ ಬರೆಯೋದು, ಸಡಿಲ ಆಗಿರೋ ತಿರುಪು ಬಿಗಿಯೋದು. ಇಷ್ಟೇ ಕೆಲ್ಸ. ಇವರ ಮನೆ ಕರೆಂಟ್ ಬಿಲ್ಲಿಗೆ ಸಾಲು ನಿಲ್ಲೋದು, ಇವರು ಎಲ್ಲೋ ಇಟ್ಟು ಮರೆತ ಕನ್ನಡಕ ಹುಡುಕೋದು, ಏಳರ ತನಕ ಕೂರೋದು, ಇದೆಲ್ಲ ನಾನಾಗೇ ತಲೆಗೆ ಕಟ್ಕೊಂಡಿದ್ದು. ಹನ್ನೊಂದು ವರ್ಷ."

ಯಜಮಾನರ ಮುಖ ಸಪ್ಪಗಾಯಿತು. "ಒಂದಿನಾನೂ ಹೇಳ್ಲಿಲ್ವಲ್ಲಮ್ಮ ನೀವು!"

"ನೀವು ಒಂದಿನಾನೂ ಕೇಳ್ಲಿಲ್ವಲ್ಲ!"

ಆ ಸಂದಿನಲ್ಲೇ ನುಗ್ಗಿದೆ. "ನಾನು ನಾಲ್ಕೂಮುಕ್ಕಾಲಿಗೆ ಹೊರಡ್ಬೇಕು ಸಾರ್. ಮಗಳ ಶಾಲೆ ಬಿಡುತ್ತೆ."

ಅವರು ರಸೀದಿ ಪುಸ್ತಕದ ಹಾಳೆ ಹರಿದು, ಹಿಂಬದಿಯಲ್ಲಿ ನನ್ನ ಕೆಲಸಗಳನ್ನು ಒಂದೊಂದಾಗಿ ಬರೆದರು. ಹೊರಡುವ ಸಮಯವನ್ನೂ ಬರೆದರು. ಹಿರಿಯಾಕೆ ಬಗ್ಗಿ ಓದಿ, "ಕನ್ನಡಕ ಹುಡುಕೋದು?" ಎಂದರು.

"ನನ್ನ ಕನ್ನಡಕ ನಾನೇ ನೋಡ್ಕೋತೀನಿ, ಬಿಡಿ ತಾಯಿ!"

ಆ ಹಾಳೆ ಇವತ್ತಿಗೂ ಅಂಗಡಿಯಲ್ಲಿ ನನ್ನ ಡ್ರಾಯರ್‌ನಲ್ಲಿದೆ. ಹಿರಿಯಾಕೆ ಆಗಾಗ ತಮ್ಮ ಕನ್ನಡಕದ ತಿರುಪು ಬಿಗಿಸಿಕೊಳ್ಳಲು ಬರುತ್ತಾರೆ. ಅದು ಸಡಿಲವಾಗಿರುವುದೇ ಇಲ್ಲ. ಆದರೂ ಬಿಗಿಯುತ್ತೇನೆ. ನಾಲ್ಕೂಮುಕ್ಕಾಲು ಆಗುವವರೆಗೆ ಕೂತಿದ್ದು, "ಏಳೇ, ಹೊರಡು, ಮಗು ಕಾಯ್ತಿರುತ್ತೆ," ಎಂದು ನನ್ನನ್ನು ಗದರಿಸಲಿಕ್ಕೇ ಅವರು ಬರುವುದು.