ಸಂತನಾಗಿಬಿಟ್ಟ ನ್ಯಾಯಾಧೀಶ

ಮೂರನೆಯ ಸಲವೂ ನ್ಯಾಯಾಧೀಶನ ಮುಖದಲ್ಲಿ ಕರುಣೆ ಬಂದುಬಿಟ್ಟಿತು.

ಒಲಿಂಡಾ ಕುಂಚ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಪಕ್ಕದ ಹಲಗೆಗೆ ಅಂಟಿಸಿದ್ದು ವಿಕ್ಟೋರಿಯಾ ರಾಣಿಯ ಕಾಲದ ವ್ಯಂಗ್ಯಚಿತ್ರ. ಆ ಇಂಗ್ಲಿಷ್ ಜಡ್ಜಿಗೆ ಕುಂಬಳಕಾಯಿಯಂಥ ತಲೆ, ಕೊಕ್ಕರೆಯ ಕಾಲು, ಎದುರಿಗಿದ್ದವನನ್ನು ನುಂಗಿ ನೀರು ಕುಡಿಯುವಂಥ ನಗು. ಅವಳ ಕ್ಯಾನ್ವಾಸಿನಲ್ಲೂ ತಲೆ ಅದೇ, ಕಾಲೂ ಅದೇ. ಮುಖ ಮಾತ್ರ ಪಾಪಿಗಳನ್ನು ಕ್ಷಮಿಸಲು ಹೊರಟ ಸಂತನದು.

"ತಲೆಯ ಹಿಂದೆ ಒಂದು ಪ್ರಭೆ ಬರೆದುಬಿಡಿ ಬಾಯಮ್ಮ," ಎಂದ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ ಇಸುಬು. "ಇಗರ್ಜಿಗೆ ಕೊಡುವ. ಮೊಂಬತ್ತಿ ಹಚ್ಚಲಿಕ್ಕೆ ಜನ ಬರ್ತದೆ."

"ತಮಾಷೆ ಸಾಕು ಇಸುಬಾಕ. ನಾಡಿದ್ದು ಗುರುವಾರ."

ಗುರುವಾರ ಎಂದರೆ ಏನೆಂದು ಇಸುಬಿಗೂ ಗೊತ್ತಿತ್ತು.

ಗಲ್ಫಿನ ಅಲ್ ಮಬೇಲಾದ ಆ ಶೆಡ್ಡಿನಲ್ಲಿ ಹೋಟೆಲು, ಆಫೀಸುಗಳ ಗೋಡೆಗೆಂದು ಹಳೆಯ ಚಿತ್ರಗಳ ಪ್ರತಿಗಳನ್ನು ಕೈಯಿಂದಲೇ ಬರೆಯುತ್ತಿದ್ದರು. ಅಲ್ ಖುವೈರಿನ ವಕೀಲ ಹಕೀಂ ತನ್ನ ಹೊಸ ಆಫೀಸಿಗೆ ನ್ಯಾಯಾಧೀಶರ ಹನ್ನೆರಡು ವ್ಯಂಗ್ಯಚಿತ್ರ ಕೇಳಿದ್ದ. ಲಂಡನ್ನಿನಲ್ಲಿ ಓದುವಾಗ ಗುರುಗಳ ಕೋಣೆಯಲ್ಲಿ ಅಂಥವನ್ನು ನೋಡಿ ನಕ್ಕಿದ್ದನಂತೆ, ಈಗಲೂ ನಗಬೇಕಂತೆ. ಒಲಿಂಡಾ ಬರೆದ ಮೊದಲ ಮಾದರಿ ನೋಡಿ ಅವನು ನಗಲಿಲ್ಲ, ಭಕ್ತಿ ಬಂದವನಂತೆ ತಲೆ ಬಗ್ಗಿಸಿ ನಿಂತ. ಎರಡನೆಯದನ್ನು ವಾಪಸು ಕಳಿಸಿದ.

"ಗುರುವಾರ ಅವರೇ ಇಲ್ಲಿಗೆ ಬರ್ತಾರೆ," ಎಂದಿದ್ದ ಮ್ಯಾನೇಜರ್ ಆಲ್ಫ್ರೆಡ್. "ಅವರು ನಗದಿದ್ರೆ ಖಲಾಸ್. ನಿನ್ನ ವೀಸಾ ರಿನ್ಯೂ ಮಾಡುವುದಿಲ್ಲ, ಊರಿಗೆ ಟಿಕೆಟ್ ಮಾಡುವುದು."

ಊರಾದ ಕಲ್ಯಾಣಪುರದಲ್ಲಿ ಅವಳದೂ ಅವನದೂ ಒಂದೇ ಇಗರ್ಜಿ. ಅಲ್ಲಿ ಮನೆಯವನಂತೆ ಆಲ್ಫ್ರೆಡ್ ಬಾಬ್, ಇಲ್ಲಿ ಸರ್. ಅವಳ ಪಾಸ್‌ಪೋರ್ಟ್ ನಾಲ್ಕು ವರ್ಷದಿಂದ ಅವನ ಮೇಜಿನ ಡ್ರಾಯರಿನಲ್ಲಿತ್ತು. ಕಾನೂನಿನ ಪ್ರಕಾರ ಹಾಗೆ ಇಟ್ಟುಕೊಳ್ಳುವಂತಿಲ್ಲ. ಕಳ್ಳರ ಭಯ, ಭದ್ರವಾಗಿರಲಿ ಎನ್ನುತ್ತಿದ್ದ. ಆ ಶೆಡ್ಡಿನಲ್ಲಿ ಕದ್ದ ಮಾಲೆಂದರೆ ಅದೊಂದೇ ಎಂದು ಹೇಳುವ ಧೈರ್ಯ ಯಾರಿಗಿತ್ತು?

ಊರಿಗೆ ಮರಳಿದರೆ ಒಲಿಂಡಾಳ ಕೈಗೆ ಕುಂಚವೇ ಇಲ್ಲ. ಅಪ್ಪ ಸಿಪ್ರಿಯನ್ ಸಂತರ ಪ್ರತಿಮೆಗಳಿಗೆ ಬಣ್ಣ ಬಳಿಯುತ್ತಿದ್ದ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಈಗೆಲ್ಲ ಫೈಬರ್ ಪ್ರತಿಮೆ, ಸ್ಪ್ರೇ ಬಣ್ಣ. ಆದರೆ ಅಪ್ಪ ಕಲಿಸಿದ್ದು ಬೆರಳಲ್ಲೇ ಉಳಿದಿತ್ತು: ಕಣ್ಣು ಕೊನೆಗೆ, ಶಿಲುಬೆಯ ಗುರುತು ಹಾಕಿಯೇ ಬರೆಯಬೇಕು. ಆಗ ಮನಸ್ಸಿನಲ್ಲಿ ಯಾರ ಮೇಲೂ ಸಿಟ್ಟಿರಬಾರದು. ಮೂವತ್ತು ವರ್ಷ ಹಾಗೆ ಪಳಗಿದ ಕೈ ಈ ಜಡ್ಜಿನ ಹುಬ್ಬನ್ನೂ ತಾನಾಗಿ ಮೇಲೆತ್ತಿ, ತುಟಿಯನ್ನು ಮೆದುಗೊಳಿಸುತ್ತಿತ್ತು.

ಬುಧವಾರ ಬೆಳಿಗ್ಗೆ ತಡೆಯಲಾಗದೆ ಅವಳು ಆಲ್ಫ್ರೆಡನ ಕೋಣೆಗೆ ಹೋದಳು.

"ಸರ್, ಏನೇ ಆಗಲಿ, ಪಾಸ್‌ಪೋರ್ಟ್ ಒಂದು ಕೊಡಿ."

ಅವನು ಡ್ರಾಯರ್ ಎಳೆದ. ನೀಲಿ ರಟ್ಟು ಕಂಡಿತು. ಅವಳ ಕೈ ತಾನಾಗಿ ಮುಂದೆ ಹೋಯಿತು. ಅವನು ಮೆಲ್ಲಗೆ ಡ್ರಾಯರ್ ಮುಚ್ಚಿ ಬೀಗ ಹಾಕಿದ.

"ನೋಡಿದ್ಯಲ್ಲ, ಭದ್ರ ಉಂಟು. ಎಂತ ಅವಸರ?" ಎಂದು ನಕ್ಕ.

ಬಾಯಿಯ ಎಡಗಡೆ ಮಾತ್ರ ಮೇಲೆದ್ದಿತು. ಗಲ್ಲ ಕಾಲರಿನೊಳಗೆ ಕುಸಿಯಿತು. ಒಂದು ರೆಪ್ಪೆ ಅರ್ಧ ಇಳಿಯಿತು. ಈ ನಗುವನ್ನೇ ಒಲಿಂಡಾ ಮೂರು ವಾರದಿಂದ ನಕಲು ಮಾಡಲು ಹೆಣಗುತ್ತಿದ್ದಳು!

ನೇರ ಬಂದು ಕ್ಯಾನ್ವಾಸಿನ ಸಂತನ ಮುಖಕ್ಕೆ ಬಿಳಿ ಬಳಿದಳು. ಬಾಯಿಯಿಂದ ಶುರುಮಾಡಿದಳು. ಕಣ್ಣಿಗೆ ಬಂದಾಗ ಕೈ ಅಭ್ಯಾಸಬಲದಿಂದ ಹಣೆಯತ್ತ ಎದ್ದಿತು. ಕೆಳಗಿಳಿಸಿದಳು. ಸಿಟ್ಟಿತ್ತು. ಇರಲಿ ಎಂದುಕೊಂಡಳು.

ಸಂಜೆ ಇಸುಬು ಬಂದು ನೋಡಿದವನು ಹಿಂದೆ ತಿರುಗಿ ಬಾಗಿಲು ನೋಡಿದ. "ಯಾ ಅಲ್ಲಾ! ಬಾಯಮ್ಮ, ಇದು..."

"ಜಡ್ಜ್."

"ಹೌದೌದು. ನಾವು ದಿನಾ ಬೆಳಿಗ್ಗೆ ಸಲಾಂ ಹೊಡೆಯುವ ಜಡ್ಜ್."

"ಅಳಿಸ್ಲಾ ಇಸುಬಾಕ?"

"ಅಳಿಸಿದ್ರೆ ನಾಳೆ ಎಂತ ತೋರಿಸ್ತೀರಿ?"

ಅಳಿಸಿದರೂ ಟಿಕೆಟ್, ಬಿಟ್ಟರೂ ಟಿಕೆಟ್. ಅವಳು ಚಿತ್ರಕ್ಕೆ ಬಟ್ಟೆ ಮುಚ್ಚಿ ಹೋದಳು.

ಗುರುವಾರ ಹತ್ತಕ್ಕೆ ಹಕೀಂ ಬಂದ. ಬಟ್ಟೆ ಎಳೆದದ್ದು ಆಲ್ಫ್ರೆಡನೇ. ಹಕೀಂ ಹತ್ತಿರ ಬಗ್ಗಿದ, ಹಿಂದೆ ಸರಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಗಿರಾಕಿ ನಕ್ಕಿದ್ದಕ್ಕೆ ಆಲ್ಫ್ರೆಡನೂ ನಕ್ಕ. ಎಡತುಟಿ ಮೇಲೆ, ಗಲ್ಲ ಕೆಳಗೆ. ಹಕೀಂ ಚಿತ್ರ ನೋಡಿದ, ಅವನನ್ನು ನೋಡಿದ, ಮತ್ತೆ ಚಿತ್ರ ನೋಡಿದ. ಈ ಸಲ ಅವನ ಕಣ್ಣಲ್ಲಿ ನೀರೇ ಬಂತು. ಇಸುಬು ಬಿದ್ದುಹೋದ ಮೊಳೆ ಹುಡುಕುವವನಂತೆ ಮೇಜಿನಡಿ ತೂರಿದ.

"ಉಳಿದ ಹನ್ನೊಂದನ್ನೂ ಇವರೇ ಬರೆಯಬೇಕು. ಬೇರೆ ಕೈ ಬೇಡ," ಎಂದು ಹೇಳಿ ಹಕೀಂ ಹೊರಟ.

ಕಾರಿನ ಸದ್ದು ಅಡಗಿತು. ಆಲ್ಫ್ರೆಡ್ ಮೊದಲ ಸಲ ಚಿತ್ರದ ಮುಂದೆ ಸರಿಯಾಗಿ ನಿಂತ. ಅವನ ನಗು ಬತ್ತಿತು. ತಿಳಿಯದಂತೆ ತುಟಿಯ ಎಡತುದಿ ಮುಟ್ಟಿಕೊಂಡ.

"ಒಲಿಂಡಾ, ಇದು ಯಾರು?"

"ಜಡ್ಜ್, ಸರ್."

"ನಾನೇನು ಕುರುಡನಾ? ಈಗಲೇ ಟಿಕೆಟ್ ತೆಗೀತೇನೆ ನೋಡು."

ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ತೆಗೀರಿ. ಬೇರೆ ಕೈ ಬೇಡ ಅಂದ ವಕೀಲರಿಗೆ ಕಾರಣವನ್ನೂ ನೀವೇ ಹೇಳಿ. ಡ್ರಾಯರಲ್ಲಿ ಎಂತ ಉಂಟು ಅಂತ ಅವರು ನನ್ನತ್ರ ಕೇಳಿದ್ರೆ ನಾನು ಹೇಳ್ತೇನೆ."

ಆಲ್ಫ್ರೆಡ್ ತಿರುಗಿ ತನ್ನ ಕೋಣೆಯ ಮೇಜಿನತ್ತ ನೋಡಿದ.

"ಹನ್ನೊಂದು ಉಳಿದಿದೆ," ಎಂದಳು ಅವಳು. "ವೀಸಾ ರಿನ್ಯೂವಲಿಗೆ ಸಹಿ ಹಾಕಿ, ಪಾಸ್‌ಪೋರ್ಟ್ ನನ್ನ ಕೈಗೆ ಕೊಡಿ. ಹನ್ನೊಂದಕ್ಕೂ ಬೇರೆ ಬೇರೆ ಮುಖ ಬರ್ತದೆ. ಕೊಡದಿದ್ರೆ ನನ್ನ ಕೈಗೆ ಈಗ ಗೊತ್ತಿರುವುದು ಒಂದೇ ಮುಖ, ಆಲ್ಫ್ರೆಡ್ ಬಾಬ್."

ಅವನು ಕೋಣೆಗೆ ನಡೆದ. ಬಾಗಿಲು ಅರ್ಧ ಮುಚ್ಚಿತು. ಒಲಿಂಡಾ ಕಿವಿಗೊಟ್ಟು ನಿಂತಳು. ಈಗ ಕೇಳುವುದು ಟಿಕೆಟಿಗೆ ಫೋನಿನ ಗುಂಡಿ ಒತ್ತುವ ಸದ್ದೋ, ಬೀಗದ ಸದ್ದೋ?

ಆಮೇಲೆ ಡ್ರಾಯರಿನ ಬೀಗದ ಕೈ ತಿರುಗಿತು.