ಅಪ್ಪ ತೊಯ್ದ ದಿನ

ನಮ್ಮ ಕನ್ನೊಳ್ಳಿಯಲ್ಲಿ ಬಾವಿಗೆ ಹಾರುವುದಕ್ಕೆ ಒಂದೇ ಕಟ್ಟಳೆ: ದಂಡೆಯ ಮೇಲೆ ಕೂತವರು ತೊಯ್ಯಬೇಕು. ಮೊಣಕಾಲು ಎದೆಗವಚಿ ಧುಮುಕಿ ಯಾರು ಹೆಚ್ಚು ನೀರು ಎಬ್ಬಿಸುತ್ತಾರೋ ಅವರೇ ಗಟ್ಟಿಗರು. ನನ್ನ ಅಪ್ಪ ರೇವಪ್ಪ ಹಾರಿದನೆಂದರೆ ಬಟ್ಟೆ ಒಗೆಯುವ ಹೆಂಗಸರು ಬೈಯುತ್ತ ಮೇಲೇಳುತ್ತಿದ್ದರು. ಎಂಟನೆಯ ವಯಸ್ಸಿಗೆ, ಈಜು ಕಲಿಯಲೆಂದು, ನನ್ನ ಬೆನ್ನಿಗೆ ಒಣಸೋರೆ ಬುರುಡೆ ಕಟ್ಟಿ ನೀರಿಗೆ ತಳ್ಳಿದವನೂ ಅವನೇ.

ಮುಂದೆ ನಾನು ಕ್ರೀಡಾ ಹಾಸ್ಟೆಲ್ ಸೇರಿ ಸ್ಪ್ರಿಂಗ್‌ಬೋರ್ಡ್ ಡೈವಿಂಗ್ ಕಲಿತೆ. ಅಲ್ಲಿ ಎಲ್ಲ ಉಲ್ಟಾ. ಮೂರು ಮೀಟರ್ ಎತ್ತರದ ಹಲಗೆಯಿಂದ ಪುಟಿದು, ಗಾಳಿಯಲ್ಲಿ ತಿರುಗಿ, ನೀರಿಗೇ ಗೊತ್ತಾಗದಂತೆ ಒಳಗೆ ಹೋಗಬೇಕು. ನೀರು ಹಾರಿದಷ್ಟೂ ಅಂಕ ಕಡಿಮೆ. ಇದನ್ನು ಅಪ್ಪನಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಅವನು ನನ್ನ ಸ್ಪರ್ಧೆ ನೋಡಲು ಬಂದದ್ದು ಒಮ್ಮೆ ಮಾತ್ರ, ಸೋಲಾಪುರಕ್ಕೆ. ಆಗ ನನಗೆ ಹತ್ತೊಂಬತ್ತು. ಇಂಡಿಯಲ್ಲಿ ಬಸ್ಸು ಬದಲಿಸಿ, ಝಳಕಿಯಲ್ಲಿ ಚಹಾ ಕುಡಿದು, ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದ. ಆ ದಿನ ಹಾರಿದಷ್ಟು ಚೆಂದ ನಾನು ಮತ್ತೆಂದೂ ಹಾರಲಿಲ್ಲ. ಒಂದು ಹನಿಯೂ ಮೇಲೇಳಲಿಲ್ಲ. ತಲೆ ಒರೆಸಿಕೊಳ್ಳುತ್ತಲೇ ಅಪ್ಪನ ಹತ್ತಿರ ಓಡಿದೆ.

“ಇರ್ಲಿ ಬಿಡವಾ,” ಎಂದು ಅವನು ಬೆನ್ನು ಸವರಿದ. “ಆ ಕೆಂಪ ಟೊಪಗಿ ಹುಡುಗಿ ಎಷ್ಟ ನೀರ ಎಬ್ಬಿಸಿದ್ಲು. ನೀ ಹಾರಿದ್ದ ಗೊತ್ತಾಗ್ಲಿಲ್ಲ. ಮುಂದಿನ ಸಲ ಜೋರ ಹಾರು.”

ಸಿಟ್ಟು ನೆತ್ತಿಗೇರಿತು. ಆ ಕೆಂಪು ಟೊಪಗಿಯವಳು ಅಂಕದಲ್ಲಿ ಎಲ್ಲರಿಗಿಂತ ಹಿಂದಿದ್ದಳು. ಒಂದು ಮಾತಿನಲ್ಲಿ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ, ಮುಖ ತಿರುಗಿಸಿ ಹೋದೆ. ಅಪ್ಪ ನಾಲ್ಕರ ಬಸ್ಸು ಹಿಡಿದ, ಚಿನ್ನದ ಪದಕ ನನ್ನ ಕೊರಳಿಗೆ ಬಿದ್ದದ್ದು ಐದಕ್ಕೆ. ಊರಲ್ಲಿ ಅದನ್ನು ತೋರಿಸಿದಾಗ ಅಂಗೈಯಲ್ಲಿ ತೂಗಿ ನೋಡಿದ. “ಛಲೋ ಮಂದಿ ಅದಾರವಾ. ಸೋತವರಿಗೂ ಕೊಡ್ತಾರ.”

ಆಗಲೂ ನಾನು ಬಾಯಿ ಬಿಡಲಿಲ್ಲ. ಅಂಥ ಹಟಮಾರಿ ನಾನು.

ಇಪ್ಪತ್ತೇಳಕ್ಕೆ ಭುಜ ಕೈಕೊಟ್ಟಿತು. ಪುಣೆಯಲ್ಲಿ ಕೋಚ್ ಆದೆ. ಹದಿನೆಂಟು ವರ್ಷಗಳಿಂದ ಬೇರೆಯವರ ಮಕ್ಕಳಿಗೆ ನೀರು ಎಬ್ಬಿಸಬೇಡಿ ಎಂದು ಕೂಗುತ್ತಲೇ ಇದ್ದೇನೆ. ಸಂಜೆ ಅವರ ಅಪ್ಪಂದಿರು ಬಂದು, ಟವೆಲ್ ಹೊದಿಸಿ, ಭೇಷ್ ಎಂದು ಹೇಳಿ ಕರೆದುಕೊಂಡು ಹೋಗುತ್ತಾರೆ. ನಾನು ಖಾಲಿ ಕೊಳಕ್ಕೆ ಬೀಗ ಹಾಕಿ ಕೋಣೆಗೆ ಹೋಗಿ ಒಬ್ಬಳಿಗೆ ಅನ್ನ ಇಡುತ್ತೇನೆ. ಆ ಭೇಷ್ ನನಗೂ ಬೇಕಿತ್ತು. ಈ ವಯಸ್ಸಿನಲ್ಲೂ ಬೇಕು.

ಈ ಬೇಸಿಗೆಗೆ ಎಲ್ಲ ಹೇಳಿಬಿಡಬೇಕೆಂದೇ ಊರಿಗೆ ಹೋದೆ. ಅಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ. ಕೆನಾಲಿನ ನೀರಿನಿಂದ ಬಾವಿ ತುಂಬಿತ್ತು. ಬೆಳಿಗ್ಗೆ ಕೈ ಹಿಡಿದು ಕರೆದೊಯ್ದು ದಂಡೆಯ ಮೇಲೆ ಕೂರಿಸಿದೆ. ನಾನು ಮಾತು ತೆಗೆಯುವ ಮೊದಲೇ ಅವನೆಂದ:

“ಸುವರ್ಣಾ, ಒಮ್ಮೆ ಹಾರು. ಕೇಳಿ ಭಾಳ ವರ್ಷ ಆತು.”

ಹಾರಿದೆ. ಸೋಲಾಪುರದಲ್ಲಿ ಹಾರಿದ ಹಾಗೆಯೇ, ಕೈ ಚಾಚಿ, ಕಾಲು ಜೋಡಿಸಿ. ಮೇಲೆ ಬಂದು ನೋಡಿದರೆ ಅವನು ಇನ್ನೂ ಕಿವಿಗೊಟ್ಟು ಕೂತಿದ್ದ.

“ಯಾಕವಾ, ಅಂಜಿಕಿ ಬಂತೇನು?”

ಇಪ್ಪತ್ತಾರು ವರ್ಷಗಳ ಮಾತು ನಾಲಿಗೆಯ ಮೇಲಿತ್ತು. ಆದರೆ ಅವನು ತೊಯ್ಯಲು ಕಾಯುತ್ತಿದ್ದ, ಮುಖ ನೀರಿನತ್ತ ಚಾಚಿ. ಪಾವಟಿಗೆ ಹತ್ತಿ ಬಂದೆ. ಮೊಣಕಾಲು ಎದೆಗವಚಿ, ನನ್ನ ಶಿಷ್ಯರು ಯಾರಾದರೂ ಹಾರಿದ್ದರೆ ಬೈದು ಹೊರಗೆ ಹಾಕುತ್ತಿದ್ದಂಥ ಹಾರು ಹಾರಿದೆ.

ಅಪ್ಪನ ಧೋತರ, ಅಂಗಿ, ಪಟಕ ಎಲ್ಲ ತೊಯ್ದವು. ಮುಖದ ನೀರು ಒರೆಸಿಕೊಳ್ಳಲೂ ಇಲ್ಲ ಅವನು.

“ಭೇಷ್ ನನ್ನ ಮಗಳ,” ಎಂದ. “ಕಡೀಗೂ ಕಲ್ತಿ ನೋಡು.”

ಕೆಳಗಿನ ಪಾವಟಿಗೆ ಹಿಡಿದು ನೀರಲ್ಲೇ ನಿಂತು ಅತ್ತೆ. ನನಗೆ ಬೇಕಾದ ಮಾತು ಸಿಕ್ಕಿತು. ಸೋಲಾಪುರದಲ್ಲಿ ಒಂದು ಹನಿಯೂ ಎಬ್ಬಿಸದೆ ಹಾರಿದ ಆ ಹತ್ತೊಂಬತ್ತರ ಹುಡುಗಿಗೆ ಮಾತ್ರ ಇನ್ನು ಅದು ಸಿಗುವುದಿಲ್ಲ.